ಅಂಬುಜಮ್ಮನ ತೊಂಬತ್ತನಾಲ್ಕು ಗಂಟು

ತಮಿಳು ಸೀಮೆಯ ಸಿರುಮುಗೈಯ ನೇಕಾರರ ಮೂರು ಬೀದಿಗಳಲ್ಲಿ ಅಂಬುಜಮ್ಮನಿಗೆ ಸ್ವಂತ ಮಗ್ಗವಿಲ್ಲ, ಆದರೆ ಅವಳ ಕೈ ಬೇಡವೆನ್ನುವ ಮಗ್ಗ ಒಂದೂ ಇಲ್ಲ. ರೇಷ್ಮೆ ನೂಲನ್ನು ಲಾಳಿಯೊಳಗೆ ಕೂರುವ ಪುಟ್ಟ ಕಂಡಿಕೆಗಳಿಗೆ ಸುತ್ತಿಕೊಡುವುದು ಅವಳ ಕೆಲಸ. ಅರವತ್ತಮೂರು ವಯಸ್ಸು. ರಾಟೆಯ ಮುಂದೆ ಕೂತರೆ ಕೈಗೂ ಬಿಡುವಿಲ್ಲ, ಬಾಯಿಗೂ ಇಲ್ಲ. ಯಾರ ಮನೆಯಲ್ಲಿ ಯಾವ ಬಣ್ಣದ ಸೀರೆ ಮಗ್ಗಕ್ಕೇರಿದೆ, ಯಾರ ಸೊಸೆ ತವರಿಗೆ ಹೋಗಿ ಹದಿನೈದು ದಿನವಾಯಿತು, ಎಲ್ಲವೂ ಅವಳಲ್ಲಿ ಕೇಳಿದರೆ ಸಿಗುತ್ತದೆ. ಕೇಳದಿದ್ದರೂ ಸಿಗುತ್ತದೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಬೈಯುವಾಗ ಎರಡೂ. ಓದಲು ಬರುವುದು ತಮಿಳು ಮಾತ್ರ, ಅದೂ ಬಸ್ಸಿನ ಬೋರ್ಡು ಓದುವಷ್ಟು.

ಇಷ್ಟು ಗಟ್ಟಿ ಹೆಂಗಸಿನ ಒಳಗೂ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪ್ರತಿ ವರ್ಷ ಬೇಸಿಗೆ ಶುರುವಾಗುವ ಪಂಗುನಿ ತಿಂಗಳಲ್ಲಿ ಬೀದಿಯ ಅಮ್ಮನ ಗುಡಿಯ ಪೂಜೆಗೆ ಮನೆಮನೆಯಿಂದ ವರಿ, ಅಂದರೆ ವಂತಿಗೆ, ಎತ್ತುತ್ತಾರೆ. ಎಲ್ಲ ಮನೆಗೂ ಒಂದೇ ಮೊತ್ತ. ಸಿರಿವಂತನೆಂದು ಹೆಚ್ಚಿಲ್ಲ, ಬಡವನೆಂದು ಕಡಿಮೆಯಿಲ್ಲ. ಅದರ ಹೆಸರು ತಲೆಕಟ್ಟು ವರಿ. ತಲೆಗೆ ರುಮಾಲು ಕಟ್ಟುವ ಗಂಡಸಿರುವ ಮನೆ ಲೆಕ್ಕಕ್ಕೆ ಉಂಟು, ಇಲ್ಲದ ಮನೆ ಇಲ್ಲ. ಗಂಡ ಸತ್ತವಳ ಮುಂದೆ ಕೈಯೊಡ್ಡಬಾರದೆಂದು ಕರುಣೆಯಿಂದ ಹಿರಿಯರು ಮಾಡಿದ ಪದ್ಧತಿಯಂತೆ. ಕರುಣೆಯೇ ಇರಬಹುದು, ನಾನೇಕೆ ಸುಳ್ಳು ಹೇಳಲಿ. ಆದರೆ ಅಂಬುಜಮ್ಮನ ಗಂಡ ವೆಲ್ಲಿಂಗಿರಿ ತೀರಿಕೊಂಡಾಗ ಅವಳಿಗೆ ಮೂವತ್ತಮೂರು. ಆ ಪಂಗುನಿಯಲ್ಲಿ ಅವಳು ವರಿಯ ದುಡ್ಡನ್ನು ಸೀರೆಯ ತುದಿಗೆ ಗಂಟುಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ವರಿಯವರು ಪಕ್ಕದ ಮನೆಗೆ ಬಂದರು. ಇವಳ ಬಾಗಿಲು ದಾಟಿ ಆಚೆ ಮನೆಗೆ ಹೋದರು. ಗಂಡ ಸತ್ತದ್ದು ಆ ದಿನ ಅವಳಿಗೆ ಇನ್ನೊಮ್ಮೆ ತಿಳಿಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಮಗಳನ್ನು ಬೆಳೆಸಿ ಅನ್ನೂರಿಗೆ ಕೊಟ್ಟು ಮದುವೆ ಮಾಡಿದಳು. ಮೂವತ್ತು ಪಂಗುನಿಗಳು ಅವಳ ಬಾಗಿಲ ಮುಂದೆ ಹಾಗೆಯೇ ನಡೆದುಹೋದವು.

ಈಗ ಚುನಾವಣೆಯ ಕತೆ. ಆ ಬೀದಿಗಳ ಮಗ್ಗಗಳು ಗುಂಡಿಮಗ್ಗಗಳು. ನೇಯುವವರು ನೆಲದ ಗುಂಡಿಯೊಳಗೆ ಕಾಲಿಳಿಸಿ ಕೂರಬೇಕು. ಮಳೆ ಜೋರಾದರೆ ಚರಂಡಿ, ಬೀದಿಯವರ ಬಾಯಲ್ಲಿ ಸಾಕ್ಕಡೆ, ಉಕ್ಕಿ ನೀರು ನೇರ ಗುಂಡಿಗೆ ಇಳಿಯುತ್ತದೆ, ನಾಲ್ಕು ದಿನ ಕೆಲಸ ನಿಲ್ಲುತ್ತದೆ. ಗೆದ್ದು ಹೋದ ಕೌನ್ಸಿಲರುಗಳೆಲ್ಲ ಚುನಾವಣೆಗೆ ಖರ್ಚಾದದ್ದನ್ನು ಎತ್ತಿಕೊಳ್ಳುವುದರಲ್ಲೇ ಐದು ವರ್ಷ ಮುಗಿಸಿದರು. ಆ ಸಲ ಸಂಕ್ರಾಂತಿಯ ತೈ ತಿಂಗಳಲ್ಲಿ ಪಟ್ಟಣ ಪಂಚಾಯಿತಿ ಚುನಾವಣೆ ಬಂದಾಗ ನೀನೇ ನಿಲ್ಲಬೇಕೆಂದು ಬೀದಿಯವರು ಸುಗನ್ಯಾಳನ್ನು ಹಿಡಿದುಕೊಂಡರು. ಮೂವತ್ತನಾಲ್ಕರ ಹೆಂಗಸು, ಬಿ.ಕಾಂ. ಓದಿ ಗಂಡನ ಜೊತೆ ಮಗ್ಗಕ್ಕೆ ಕೂತವಳು. ಬೀದಿಯ ಅರ್ಜಿಗಳನ್ನೆಲ್ಲ ಬರೆಯುತ್ತಿದ್ದವಳೂ ಅವಳೇ.

ಖರ್ಚು ಪೂರ್ತಿ ತಾನೇ ಕೊಡುತ್ತೇನೆ ಎಂದು ದಂಡಪಾಣಿ ಮುಂದೆ ಬಂದ. ಹತ್ತು ಮಗ್ಗಗಳ ಯಜಮಾನ ಅವನು, ಗುಡಿಯ ವರಿಯ ಪಟ್ಟಿಯೂ ಅವನ ಕೈಯಲ್ಲೇ. ಕೆಟ್ಟವನಲ್ಲ. ಕೊಟ್ಟದ್ದನ್ನು ಆಗಾಗ ನೆನಪಿಸುವ ಚಟ ಮಾತ್ರ ಇತ್ತು.

ಸುಗನ್ಯಾ ಒಪ್ಪಲಿಲ್ಲ. ಅಂಬುಜಮ್ಮನ ರಾಟೆಯ ಪಕ್ಕ ಬಂದು ಕೂತು, "ದೊಡ್ಡಮ್ಮಾ, ದಂಡಪಾಣಿ ಮಾಮ ಕೊಟ್ರೆ ಸಾಕ್ಕಡೆ ಅವರ ಬಾಗಿಲವರೆಗೂ ತಾನೆ ಬರೋದು. ನಮ್ಮ ಮೂರು ಬೀದೀಲಿ ಮನೆಗೆ ಐವತ್ತು ರೂಪಾಯಿ. ಒಂದು ಮನೆ ಬಿಟ್ಟುಹೋದ್ರೂ ನಾ ನಾಮಿನೇಷನ್ ಹಾಕೋದಿಲ್ಲ. ಯಾರು ಎತ್ತಿಕೊಡ್ತೀರ?" ಎಂದಳು.

"ನಾನು," ಎಂದಳು ಅಂಬುಜಮ್ಮ. ಬಾಯಿಂದ ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ರಸೀದಿ ಪುಸ್ತಕ ಬರೆಯುವ ಗೋಜು ಅವಳಿಗೆ ಬೇಡ. ಒಂದು ಉದ್ದನೆಯ ಹುರಿ ತೆಗೆದುಕೊಂಡಳು. ಐವತ್ತು ಕೊಟ್ಟ ಮನೆಯವರು ತಮ್ಮ ಮಗ್ಗದಿಂದ ಒಂದು ಗೇಣು ನೂಲು ಕತ್ತರಿಸಿ ತಮ್ಮ ಕೈಯಾರೆ ಆ ಹುರಿಗೆ ಗಂಟುಹಾಕಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಸೇರಿಸುವಾಗ ನೇಕಾರರು ಹಾಕುತ್ತಾರಲ್ಲ, ಅದೇ ಗಂಟು. ಒಬ್ಬರ ಗಂಟಿನಂತೆ ಇನ್ನೊಬ್ಬರದಿರುವುದಿಲ್ಲ. ಕೊಟ್ಟೆ, ಕೊಡಲಿಲ್ಲ ಎಂಬ ಜಗಳಕ್ಕೆ ಜಾಗವೇ ಇಲ್ಲ.

ಬೆಳಿಗ್ಗೆ ಕಂಡಿಕೆ ಸುತ್ತಿ, ಮಧ್ಯಾಹ್ನ ಊಟವಾದ ಮೇಲೆ ಅವಳು ಹುರಿ ಹಿಡಿದು ಹೊರಡುತ್ತಿದ್ದಳು. ಐವತ್ತು ರೂಪಾಯಿ ಯಾರಿಗೂ ಭಾರವಲ್ಲ, ಆದರೂ ಪ್ರತಿ ಬಾಗಿಲಲ್ಲೂ ಒಂದು ಪಂಚಾಯಿತಿ ಇದ್ದೇ ಇತ್ತು. ಶರವಣಂಪಟ್ಟಿಯ ಕಂಪನಿಗೆ ಬಸ್ಸಿನಲ್ಲಿ ಹೋಗಿಬರುವ ನವನೀತನ್ ಎರಡು ಸಾವಿರ ತೆಗೆದು ಕೊಟ್ಟ. ಅವಳು ಒಂದು ಐವತ್ತರ ನೋಟು ಕೇಳಿದಳು. ಅವನ ಹತ್ತಿರ ಚಿಲ್ಲರೆ ಇರಲಿಲ್ಲ, ಫೋನಿನಲ್ಲಿ ಹಾಕುತ್ತೇನೆಂದ.

"ಫೋನ್ ಗಂಟು ಹಾಕ್ತದಾ, ನನ್ ಕಣ್ಣು? ನಾಳೆ ಬರ್ತೀನಿ, ಐವತ್ತು ಮಾತ್ರ ಎತ್ತಿಡು. ಜಾಸ್ತಿ ಕೊಟ್ಟೋನು ಜಾಸ್ತಿ ಮಾತಾಡ್ತಾನೆ," ಎಂದು ಹೇಳಿ ಮರುದಿನ ಬಂದೇ ಬಂದಳು.

ಬೇರೆ ಪಕ್ಷದ ಬಾವುಟ ಕಟ್ಟಿದ ಮನೆಗಳಿಗೂ ಹೋದಳು. "ವೋಟು ಯಾರಿಗಾದ್ರೂ ಹಾಕು, ಅದು ನಿನ್ನಿಷ್ಟ. ಸಾಕ್ಕಡೆ ನೀರು ನಿನ್ನ ಗುಂಡಿಗೂ ಬರ್ತದೆ ತಾನೆ?" ಎಂದು ಹೊಸ್ತಿಲಲ್ಲೇ ಕೂತಳು. ಅವಳನ್ನು ಏಳಿಸುವುದಕ್ಕಿಂತ ಐವತ್ತು ಕೊಡುವುದು ಸುಲಭವಾಗಿತ್ತು. ದಂಡಪಾಣಿಯೂ ಮುಖ ಸಣ್ಣದು ಮಾಡಿಕೊಂಡು ಐವತ್ತೇ ಕೊಟ್ಟ, ಮಾವಿನಚಿಗುರು ಬಣ್ಣದ ಎಳೆಯೊಂದನ್ನು ಕಟ್ಟಿದ. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಸುಲಭ, ಒಂದೊಂದು ಹನಿಗೂ ಮೂರು ಸಲ ನಡೆದವಳ ಮಂಡಿಯನ್ನು ಕೇಳಬೇಕು.

ನಾಮಪತ್ರ ಸಲ್ಲಿಸಲು ಕೊನೆಯ ದಿನದ ಹಿಂದಿನ ಸಂಜೆ ಅವಳು ಹುರಿಯನ್ನು ಸುಗನ್ಯಾಳ ಮಡಿಲಲ್ಲಿಟ್ಟಳು. "ಎಲ್ಲ ಮನೆ ಆಯ್ತು."

ಸುಗನ್ಯಾ ಎರಡು ಸಲ ಎಣಿಸಿದಳು. "ಎಂಬತ್ತಮೂರಿದೆ ದೊಡ್ಡಮ್ಮಾ. ಮನೆ ತೊಂಬತ್ತನಾಲ್ಕು. ಹನ್ನೊಂದು ಬಿಟ್ಟುಹೋಗಿದೆ."

"ಅದು ಲೆಕ್ಕಕ್ಕಿಲ್ಲದ ಮನೆ ಬಿಡು."

"ಯಾರ ಮನೆ?"

"ಸೆಲ್ಲಮ್ಮ ಇದಾಳಲ್ಲ, ಅಂಥವರದ್ದು. ಪಾವಂ, ಪಾಪದವರು, ಅವರ ಹತ್ರ ಹೋಗಿ ಏನಂತ ಕೇಳೋದು..." ಅಂಬುಜಮ್ಮನ ಮಾತು ಅರ್ಧಕ್ಕೇ ನಿಂತಿತು. ಸೆಲ್ಲಮ್ಮ ಹೂ ಕಟ್ಟಿ ಮಾರುವವಳು, ಗಂಡ ತೀರಿ ಇಪ್ಪತ್ತೆರಡು ವರ್ಷ. ಅಂಥ ಮನೆಗಳ ಹೆಂಗಸರೆಲ್ಲ ಅಂಬುಜಮ್ಮನ ಕಣ್ಣಮುಂದೆ ಒಬ್ಬೊಬ್ಬರಾಗಿ ಬಂದು ನಿಂತರು. ಎಲ್ಲರೂ ಒಬ್ಬೊಬ್ಬರೇ ಇರುವವರು, ಗಂಡನನ್ನು ಕಳೆದುಕೊಂಡವರು. ಯಾರೂ ಹೇಳಿಕೊಟ್ಟಿರಲಿಲ್ಲ. ದಂಡಪಾಣಿಯ ಪಟ್ಟಿಯನ್ನು ಅವಳು ನೋಡಿಯೂ ಇರಲಿಲ್ಲ. ಕಾಲು ತಾನಾಗಿಯೇ ಆ ಬಾಗಿಲುಗಳನ್ನು ದಾಟಿ ನಡೆದಿತ್ತು. ತನ್ನ ಬಾಗಿಲನ್ನು ದಾಟಿದವರನ್ನು ಮೂವತ್ತು ವರ್ಷ ಒಳಗೊಳಗೇ ಶಪಿಸಿದವಳು ತಾನೂ ಅದನ್ನೇ ಮಾಡಿದ್ದಳು. ನಾಚಿಕೆಯಿಂದ ಅವಳಿಗೆ ಅಳು ಬಂತು.

"ನಾಳೆ ಮೂರು ಗಂಟೇವರೆಗೂ ಟೈಮ್ ಇದೆ," ಎಂದಳು ಸುಗನ್ಯಾ. ಹುರಿಯನ್ನು ಸುತ್ತಿ ಅವಳ ಕೈಗೇ ಮರಳಿ ಕೊಟ್ಟಳು.

ಮನೆಗೆ ಹೋಗುತ್ತ ಅಂಬುಜಮ್ಮ ಬೆರಳು ಮಡಚಿ ಎಣಿಸಿದಳು. ಹತ್ತೇ ಬಂತು. ಓದಿದ ಹುಡುಗಿ ಎಲ್ಲೋ ಎಣಿಕೆ ತಪ್ಪಿರಬೇಕು ಎಂದುಕೊಂಡಳು.

ಮರುದಿನ ರಾಟೆ ಮುಟ್ಟಲಿಲ್ಲ. ಒಂಬತ್ತು ಮನೆಗಳಿಗೆ ಹೋಗಿ, "ನಾ ತಪ್ಪು ಮಾಡ್ದೆ, ಮೊದಲೇ ಬರಬೇಕಿತ್ತು," ಎಂದು ಹೇಳಿಯೇ ಕೇಳಿದಳು. ಒಬ್ಬಳು ಐವತ್ತು ಕೊಟ್ಟು ಕಾಫಿಯನ್ನೂ ಕೊಟ್ಟಳು. ಇನ್ನೊಬ್ಬಳು ಹತ್ತರ ಐದು ನೋಟುಗಳನ್ನು ಇಸ್ತ್ರಿ ಮಾಡಿದಂತೆ ಸವರಿ ಸವರಿ ಎಣಿಸಿದಳು, ನನ್ನ ಹತ್ತಿರ ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಯಿತು ಎಂದು ನಕ್ಕಳು. ಆ ನಗುವನ್ನು ನೋಡಲಾರದೆ ಅಂಬುಜಮ್ಮ ಹುರಿಯ ಕಡೆ ನೋಡುತ್ತ ನಿಂತಳು. ಮಗ್ಗವಿಲ್ಲದವರು ಹೊಲಿಗೆಯ ದಾರವನ್ನೋ ಹಳೆ ಸೀರೆಯ ಎಳೆಯನ್ನೋ ಕಟ್ಟಿದರು.

ಸೆಲ್ಲಮ್ಮನ ಮನೆ ತಲುಪಿದಾಗ ಹನ್ನೆರಡಾಗಿತ್ತು. ಎಪ್ಪತ್ತು ವರ್ಷದ ಮುದುಕಿ ಮಲ್ಲಿಗೆಯ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

"ಸೆಲ್ಲಕ್ಕಾ."

"ಅಕ್ಕಿ ಡಬ್ಬೀಲಿ ಐವತ್ತು ಇಟ್ಟು ಹನ್ನೆರಡು ದಿವಸ ಆಯ್ತು," ಎಂದಳು ಸೆಲ್ಲಮ್ಮ. "ಎದುರುಮನೆಗೆ ಬಂದೆ, ನೋಡ್ದೆ. ಪಕ್ಕದ ಮನೆಗೆ ಬಂದೆ, ಎದ್ದು ನಿಂತೆ. ನೀನು ಹೋಗ್ಬಿಟ್ಟೆ. ಅವರೆಲ್ಲ ಹೋದ್ರೆ ಹೋಗ್ಲಿ. ನೀನು ಹೋದ್ಯಲ್ಲ ಅಂಬುಜಾ."

ಅಂಬುಜಮ್ಮ ನೆಲದ ಮೇಲೆ ಕೂತಳು. "ಮನ್ನಿಸಿಬಿಡಕ್ಕಾ," ಎಂದಳು.

ಸೆಲ್ಲಮ್ಮ ಹೂವನ್ನು ಬದಿಗಿಟ್ಟು ಹುರಿಯನ್ನು ಕೈಗೆ ತೆಗೆದುಕೊಂಡಳು. ಕೆಂಪು, ಹಸಿರು, ನೇರಳೆ, ಎಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಕೊನೆಯ ಗಂಟಿಗೆ ಬಂದು, "ನಿಂದು ಯಾವ್ದು?" ಎಂದು ಕೇಳಿದಳು.

"ನಂದಾ?"

"ಇದ್ರಲ್ಲಿ ನಿನ್ನ ಮನೇದು ಯಾವ್ದು, ತೋರ್ಸು."

ಅಂಬುಜಮ್ಮ ನಿಜವಾಗಿಯೂ ಹುಡುಕಿದಳು. ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ. ಎಲ್ಲರ ಗಂಟನ್ನೂ ಅವಳು ಗುರುತು ಹಿಡಿಯಬಲ್ಲಳು. ಅವಳದ್ದು ಇರಲಿಲ್ಲ. ಹದಿಮೂರು ದಿನ ಬೀದಿ ಬೀದಿ ಅಲೆದವಳಿಗೆ ತನ್ನದೂ ಒಂದು ಮನೆ, ಆ ಮನೆಗೂ ಒಂದು ಗಂಟುಂಟು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಈ ಕತ್ತಲೆಯನ್ನು ಬೇರೆಯವರು ತಂದಿಟ್ಟು ಹೋಗಿದ್ದರು, ಅವಳು ಮೂವತ್ತು ವರ್ಷ ಅದನ್ನು ಗುಡಿಸದೆ ಇಟ್ಟುಕೊಂಡಿದ್ದಳು. ಸುಗನ್ಯಾಳ ಎಣಿಕೆ ಸರಿಯಾಗಿಯೇ ಇತ್ತು.

ಸೆಲ್ಲಮ್ಮನ ಕೋಪ ಅಲ್ಲಿಗೇ ಇಳಿದುಹೋಯಿತು. ಅವಳು ಅಂಬುಜಮ್ಮನ ಮಂಡಿಯ ಮೇಲೆ ಕೈಯಿಟ್ಟಳು. "ನನ್ನ ಮನೆ ಮಾತ್ರ ಮರ್ತೆ ಅಂದ್ಕೊಂಡಿದ್ದೆ. ಹೋಗು, ಮೊದಲು ನಿಂದು ಎತ್ತಿಕೊಂಡ್ಬಾ. ಆಮೇಲೆ ನಂದು."

"ನನ್ನ ಹತ್ರ ನನ್ನ ನೂಲೆಲ್ಲಿದೆ ಅಕ್ಕಾ? ಮನೇಲಿರೋದೆಲ್ಲ ಬೇರೆಯವರದ್ದು."

"ರಾಟೆ ನಿಂದು ತಾನೆ?"

ಅಂಬುಜಮ್ಮ ಮನೆಗೆ ಹೋಗಿ ರಾಟೆಯ ಚಕ್ರವನ್ನು ತಿರುಗಿಸುವ ದಾರದಿಂದ ಒಂದು ಗೇಣು ಕತ್ತರಿಸಿದಳು. ಒರಟು ಹತ್ತಿಯ ದಾರ, ಎಣ್ಣೆ ಕುಡಿದು ಕಪ್ಪಾಗಿತ್ತು. ಅದರೊಡನೆ ಐವತ್ತು ರೂಪಾಯಿ ತಂದು, ಸೆಲ್ಲಮ್ಮನ ಎದುರಿಗೇ ಕೂತು ರೇಷ್ಮೆಯ ಎಳೆಗಳ ಪಕ್ಕ ಕಟ್ಟಿದಳು. ಎಷ್ಟೋ ಸಾವಿರ ಗಂಟು ಹಾಕಿದ ಬೆರಳುಗಳು ಅದೊಂದನ್ನು ಮೂರು ಸಲ ಬಿಚ್ಚಿ ಕಟ್ಟಿದವು. ಸೆಲ್ಲಮ್ಮ ಅದರ ಮುಂದೆ ಬಾಳೆನಾರಿನ ಗಂಟು ಹಾಕಿದಳು. ಒಂದು ಮೊಳ ಮಲ್ಲಿಗೆ ಕತ್ತರಿಸಿ ಇಬ್ಬರ ಮುಡಿಗೂ ಅರ್ಧ ಅರ್ಧ ಸಿಕ್ಕಿಸಿದಳು. ಅಂಬುಜಮ್ಮ ಬೇಡವೆನ್ನಲಿಲ್ಲ.

ಎರಡೂವರೆಗೆ ಸುಗನ್ಯಾ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದಳು. ಹುರಿಯನ್ನು ಮುಂಗೈಗೆ ಸುತ್ತಿಕೊಂಡಿದ್ದಳು. ಹೊರಗೆ ನಿಂತಿದ್ದ ದಂಡಪಾಣಿ ಅದರಲ್ಲಿ ಎಷ್ಟು ಗಂಟು ಎಂದು ಅಂಬುಜಮ್ಮನನ್ನು ಕೇಳಿದ. ತೊಂಬತ್ತನಾಲ್ಕು ಎಂದಳು.

"ಇದೇ ಮೂರು ಬೀದೀಲಿ ಗುಡಿ ಪಟ್ಟಿ ಎಂಬತ್ತಮೂರು ತಾನೆ? ನನ್ನಪ್ಪನ ಕಾಲದಿಂದ ಎತ್ತುತ್ತಾ ಇದೀವಿ. ಇನ್ನು ಹನ್ನೊಂದು ಎಲ್ಲಿಂದ ಬಂತು?"

"ಅವು ಅಲ್ಲೇ ಇದ್ದವು ಸಾಮಿ. ನೀನೇ ಹುಡುಕು, ನಂಗೂ ನಿನ್ನೆ ತಾನೆ ಸಿಕ್ತು," ಎಂದು ಅಂಬುಜಮ್ಮ ಅವನ ಮುಖ ನೋಡಿದಳು. ಅವಳ ತಲೆಯಲ್ಲಿ ಮಲ್ಲಿಗೆ ಇತ್ತು. ದಂಡಪಾಣಿ ಕಣ್ಣು ತಗ್ಗಿಸಿದ.

ನಾಲ್ಕು ಸಾವಿರದ ಏಳುನೂರು ರೂಪಾಯಿಯಲ್ಲಿ ಠೇವಣಿ ಕಟ್ಟಿ, ನೋಟೀಸು ಅಚ್ಚು ಹಾಕಿಸಿ, ಒಂದು ಆಟೋಗೆ ಒಂದು ಮೈಕು ಕಟ್ಟಿಸಿ ಸುಗನ್ಯಾ ಮೂವತ್ತೊಂದು ಮತಗಳಿಂದ ಗೆದ್ದಳು. ಹೊಸ ಚರಂಡಿ ಈಗ ಎರಡು ಬೀದಿಗೆ ಆಗಿದೆ, ಮೂರನೆಯದಕ್ಕೆ ಅವಳು ದಿನವೂ ಜಗಳವಾಡುತ್ತಿದ್ದಾಳೆ. ಅದು ಅವಳ ಕತೆ, ಅವಳೇ ಹೇಳಲಿ.

ಆ ಪಂಗುನಿಯಲ್ಲಿ ವರಿಯವರು ಬಂದರು. ಅಂಬುಜಮ್ಮ ಒಳಗೆ ರಾಟೆ ತಿರುಗಿಸುತ್ತಿದ್ದಳು. ಪಕ್ಕದ ಮನೆಯಲ್ಲಿ ಮಾತು ಕೇಳಿಸಿತು, ಆಮೇಲೆ ಚಪ್ಪಲಿಯ ಸದ್ದು. ಅಭ್ಯಾಸದಂತೆ ಅವಳು ಆ ಸದ್ದು ಮುಂದೆ ಹೋಗುವುದನ್ನು ಕಾಯುತ್ತಿದ್ದಳು. ಅದು ಅವಳ ಬಾಗಿಲಲ್ಲಿ ನಿಂತಿತು. ದಂಡಪಾಣಿ ಚಪ್ಪಲಿ ಬಿಟ್ಟು, ಪಟ್ಟಿಯನ್ನು ಎದೆಗೆ ಒತ್ತಿಕೊಂಡು, "ಅಕ್ಕಾ, ಗುಡಿ ವರಿ," ಎಂದ.

"ನಿಲ್ಲು, ಈ ಕಂಡಿಕೆ ಮುಗಿಸ್ತೀನಿ," ಎಂದಳು ಅಂಬುಜಮ್ಮ ಒಳಗಿನಿಂದ.

ಕಂಡಿಕೆ ಆಗಲೇ ತುಂಬಿತ್ತು. ಅವಳ ಕಣ್ಣು ಮಂಜಾಗಿತ್ತು, ಅಷ್ಟೇ. ಮೂವತ್ತು ವರ್ಷ ಕಾದವಳು ಅವನನ್ನು ಐದು ನಿಮಿಷ ಬಿಸಿಲಲ್ಲಿ ನಿಲ್ಲಿಸಿದಳು, ಆಮೇಲೆ ಮುಖ ತೊಳೆದುಕೊಂಡು ಹೋಗಿ ವರಿ ಕೊಟ್ಟಳು.