ನಾರ್ವೆಯ ಡಬ್ಬಿ, ಅಮೆರಿಕದ ಫೋನು

ಯದುನಾಥ ಫುಯೆಲ್‌ಗೆ ತನ್ನದು ಅಂತ ಒಂದು ದೇಶವಿರಲಿಲ್ಲ. ಆದರೆ ಅವನ ಬಿದಿರಿನ ಗುಡಿಸಲಲ್ಲಿ ಐದಾರು ದೇಶಗಳ ಸಾಮಾನು ಇತ್ತು. ಹೊದೆಯಲು ಡೆನ್ಮಾರ್ಕಿನ ಕಂಬಳಿ, ತಲೆಗೆ ಆಸ್ಟ್ರೇಲಿಯಾದ ಟೋಪಿ, ಮಾತಿಗೆ ಅಮೆರಿಕದ ಫೋನು. ನೇಪಾಳದ ದಮಕ್ ಪಕ್ಕದ ಈ ನಿರಾಶ್ರಿತರ ಶಿಬಿರದಲ್ಲಿ ಉಳಿದವರ ಮನೆಗಳೆಲ್ಲ ಹೀಗೇ. ಭೂತಾನ ಓಡಿಸಿದ್ದಕ್ಕೆ ಇಲ್ಲಿಗೆ ಬಂದ ನಮ್ಮ ಜನ ಕಡೆಗೆ ವಿಮಾನ ಹತ್ತಿ ದಿಕ್ಕಿಗೊಬ್ಬರಂತೆ ಚದುರಿಹೋದರು. ಹೋದವರು ಸಾಮಾನು ಕಳಿಸುತ್ತಾರೆ, ಉಳಿದವರು ಇಟ್ಟುಕೊಳ್ಳುತ್ತಾರೆ.

ಯದುನಾಥ ಹೋಗಲಿಲ್ಲ. ಮಹಾ ಹಠಮಾರಿ. ಹೋದರೆ ಭೂತಾನದ ಸರ್ಭಾಂಗಿನ ನಮ್ಮ ಕಿತ್ತಳೆ ತೋಟಕ್ಕೇ, ಇಲ್ಲದಿದ್ದರೆ ಎಲ್ಲಿಗೂ ಇಲ್ಲ ಎಂದು ಕೂತುಬಿಟ್ಟ. ಬಿದಿರು ಸೀಳಿ ಮೂಡಾ ಹೆಣೆದು ಸಂತೆಯಲ್ಲಿ ಮಾರುತ್ತಿದ್ದ. ಅವನು ಹೆಣೆದ ಮೂಡಾದ ಮೇಲೆ ಎಂಥ ದಢೂತಿ ಕೂತರೂ ಅದು ಕಿರುಗುಟ್ಟುತ್ತಿರಲಿಲ್ಲ. ಮಾತು ಮಾತ್ರ ಅವನದು ಒರಟು.

ಆ ಒರಟು ಮಾತೇ ಅವನಿಗೆ ಮುಳುವಾಯಿತು. ಅಮೆರಿಕದ ಓಹಾಯೋದಲ್ಲಿ ಮಗಳ ಜೊತೆಗಿದ್ದ ಅಕ್ಕ ಕೌಶಿಲಾ ಅಲ್ಲಿಯ ಪೌರತ್ವ ತೆಗೆದುಕೊಂಡ ಸುದ್ದಿ ಕೇಳಿ, "ಊರನ್ನ ಮಾರ್ಕೊಂಡೆಯಲ್ಲ ದೀದಿ! ಇನ್ನು ನನಗೆ ಟೀಕಾ ಇಡೋಕೆ ಬರಬೇಡ" ಅಂದುಬಿಟ್ಟಿದ್ದ. ತಾಯಿ ಸತ್ತಾಗ ಅಂಬೆಗಾಲಿಡುತ್ತಿದ್ದ ಇವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅವಳು. ಫೋನು ಇಟ್ಟುಬಿಟ್ಟಳು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಇಬ್ಬರೂ ಮಾತಾಡಲಿಲ್ಲ.

ದಸೈಂ ಹಬ್ಬದಲ್ಲಿ ಅಕ್ಕನ ಮಗಳು ಪವಿತ್ರಾ ಫೋನು ಮಾಡಿದಳು. "ಮಾಮಾ, ಅಮ್ಮನ ಕಿಡ್ನಿ ಎರಡೂ ಹೋಗಿವೆ. ವಾರಕ್ಕೆ ಮೂರು ಸಲ ರಕ್ತ ಶುದ್ಧ ಮಾಡಿಸ್ತಿದೀವಿ. ನಿಮಗೆ ಹೇಳಬೇಡ ಅಂದಿದ್ಲು."

ಯದುನಾಥ ಫೋನನ್ನು ಕಿವಿಗೆ ಒತ್ತಿಕೊಂಡ. ಆ ಕ್ಷಣವೇ ಅಕ್ಕನಿಗೆ ಫೋನು ಕೊಡು ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ತಪ್ಪೊಪ್ಪಿಕೊಳ್ಳುವುದಾದರೆ ತಿಹಾರ ಹಬ್ಬದಲ್ಲಿ ಅಕ್ಕ ತಮ್ಮನ ಹಣೆಗೆ ಟೀಕಾ ಇಡುವ ಭಾಯಿಟೀಕಾದ ದಿನ, ಟೀಕಾ ತಟ್ಟೆಯ ಮುಂದೆ ಕೂತು, ತಲೆ ಬಗ್ಗಿಸಿಯೇ ಒಪ್ಪಿಕೊಳ್ಳಬೇಕು ಎಂದು ಅವನ ಲೆಕ್ಕ. "ಅಮ್ಮನಿಗೆ ಹೇಳು, ತಿಹಾರಕ್ಕೆ ನಾನು ಕೂತಿರ್ತೀನಿ. ನನ್ನ ಮನೆಯಿಂದಲೇ, ನನ್ನದೇ ಲೈನಿನಿಂದ" ಅಂದ.

ಪ್ರತಿ ವರ್ಷ ಆ ದಿನ ಕೌಶಿಲಾ ಉಪವಾಸವಿದ್ದು, ಪಂಚಾಂಗದ ನೇಪಾಳದ ಮುಹೂರ್ತಕ್ಕೇ ಅಲ್ಲಿ ನಿದ್ದೆಗೆಟ್ಟು ಎದ್ದು, ಪೀಠದ ಮೇಲೆ ಫೋನು ನಿಲ್ಲಿಸಿ, ಯಮ ತಮ್ಮನ ಬಳಿ ಬಾರದಿರಲೆಂದು ಅದರ ಸುತ್ತ ಎಣ್ಣೆಯ ಗೆರೆ ಎಳೆಯುತ್ತಿದ್ದಳು. ಹೊಸ್ತಿಲಲ್ಲಿ ಅಕ್ರೋಟು ಒಡೆದು, ಪರದೆಯಲ್ಲಿ ಕಾಣುವ ತಮ್ಮನ ಹಣೆಗೆ ಏಳು ಬಣ್ಣ ಇಡುತ್ತಿದ್ದಳು. ಇವನಿಗೆ ಕಾಣುತ್ತಿದ್ದದ್ದು ಅವಳ ಹೆಬ್ಬೆರಳು ಮಾತ್ರ. "ದೀದಿ, ಬೆರಳು ತೆಗಿ, ಮುಖ ಕಾಣಲ್ಲ" ಅಂತ ಇವನು, "ಅಲ್ಲಾಡಬೇಡವೋ ಕೋತಿ" ಅಂತ ಅವಳು.

ಇಷ್ಟು ವರ್ಷ ಅವನು ಇದಕ್ಕೆಲ್ಲ ಕೂರುತ್ತಿದ್ದದ್ದು ಫೂಲ್‌ಮಾಯಾ ರಾಯಿಯ ಚಹಾ ಅಂಗಡಿಯಲ್ಲಿ. ಅವನ ಅಮೆರಿಕದ ಫೋನು ಇಲ್ಲಿಯ ಸಿಮ್ಮನ್ನು ಒಪ್ಪುತ್ತಿರಲಿಲ್ಲ, ಅಂಗಡಿಯ ವೈಫೈ ಒಂದೇ ಗತಿ. "ಒಂದು ಚಹಾಕ್ಕೆ ಅರ್ಧ ದಿನ ಕೂರ್ತಾರೆ ನಮ್ಮ ದಾಜು, ಮೂಡಾನೂ ಮನೆಯಿಂದಲೇ ತರ್ತಾರೆ!" ಎಂದು ಅವಳು ನಾಲ್ಕು ಜನರ ಮುಂದೆ ನಕ್ಕಿದ್ದಳು. ದಾಜು ಅಂದರೆ ಅಣ್ಣ, ಸಲಿಗೆಯ ತಮಾಷೆಯ ಮಾತು, ಆದರೂ ಇವನಿಗೆ ಚುಚ್ಚಿತು. ಅದೇ ಹೊತ್ತಿಗೆ, ಈ ದಸೈಂಗೆ ಮುಂಚೆ, ನಾರ್ವೆಯಿಂದ ಬಂದ ದಾಯಾದಿ ತನ್ನ ಮನೆಯ ಹಳೆಯ ರೌಟರನ್ನು ಕೊಟ್ಟುಹೋದ. ದಮಕ್‌ನಿಂದ ರಿಪೇರಿಯವನು ಬಂದು ತಂತಿ ಎಳೆದುಕೊಟ್ಟ. ಪವಿತ್ರಾಳಿಗೆ ಮಾಡಿ ನೋಡಿದರೆ ಮುಖ ಕನ್ನಡಿಯಂತೆ ಸ್ವಚ್ಛ. ಯದುನಾಥ ಬೀಗಿದ.

ಭಾಯಿಟೀಕಾದ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಟೋಪಿ ಇಟ್ಟು, ಸಾರಿಸಿದ ನೆಲದ ಮೇಲೆ ಕೂತ. ಹಬ್ಬದ ದೀಪಗಳ ಭಾರಕ್ಕೆ ಗುಡಿಸಲ ಸಾಲಿನ ಕರೆಂಟು ಹೋಗಿ, ಆಗತಾನೆ ಬಂದಿತ್ತು. ರೌಟರಿನ ಹಸಿರು ದೀಪ ಉರಿಯುತ್ತಿತ್ತು. ಫೋನು ತೆರೆದ. ಅವನ ವೈಫೈ ಹೆಸರು ಅದರಲ್ಲಿರಲಿಲ್ಲ. ಪಕ್ಕದ ಗುಡಿಸಲುಗಳ ಹೆಸರೆಲ್ಲ ಇದ್ದವು, ಅವನದೊಂದಿಲ್ಲ.

ಫೋನನ್ನು ಆರಿಸಿ ಹಚ್ಚಿದ, ಕುಕ್ಕಿದ, ಅಂಗಿಗೆ ಒರೆಸಿದ. ಪಕ್ಕದ ಹರ್ಕಬಹಾದುರ್ ತಮಾಂಗ್ ಬಂದು ತನ್ನ ಫೋನು ನೋಡಿಕೊಂಡ. "ನನ್ನದರಲ್ಲಿ ಕಾಣ್ತಿದೆಯಲ್ಲ ದಾಜು! ನಿಮ್ಮ ಫೋನೇ ಕೆಟ್ಟಿದೆ."

"ಹಾಗಾದ್ರೆ ನಿನ್ನದರಿಂದಲೇ ಮಾಡು."

"ಮಾಡೋಣ, ನಂಬರು ಹೇಳಿ."

ನಂಬರು ಯಾರಿಗೆ ಗೊತ್ತು? ಅಕ್ಕ ಇದ್ದದ್ದು ಈ ಫೋನಿನೊಳಗೆ, ಪವಿತ್ರಾ ಕೂರಿಸಿಕೊಟ್ಟ ಒಂದು ಗುಂಡನೆಯ ಚಿತ್ರವಾಗಿ. ಚಿತ್ರ ಒತ್ತಿ ಅಭ್ಯಾಸವೇ ಹೊರತು ಇವನಿಗೆ ಬೇರೇನೂ ಗೊತ್ತಿರಲಿಲ್ಲ.

ಯಾವುದೂ ಕೆಟ್ಟಿರಲಿಲ್ಲ. ರಿಪೇರಿಯವನು ಇದನ್ನು ಹೇಳಿದ್ದು ಆಮೇಲೆ, ಹೇಳಿ ಪ್ರಯೋಜನವಿಲ್ಲದಾದಾಗ. ಒಂದೊಂದು ದೇಶ ಈ ಡಬ್ಬಿಗಳಿಗೆ ಗಾಳಿಯಲ್ಲಿ ಇಷ್ಟಿಷ್ಟೇ ದಾರಿ, ಇಷ್ಟಿಷ್ಟೇ ಚಾನೆಲ್ಲು ಎಂದು ಅಪ್ಪಣೆ ಕೊಟ್ಟಿರುತ್ತದೆ. ಕರೆಂಟು ಬಂದಾಗ ರೌಟರು ಖಾಲಿ ದಾರಿ ಹುಡುಕಿ ಹದಿಮೂರನೆಯದನ್ನು ಹಿಡಿದಿತ್ತು. ತಾನಿನ್ನೂ ನಾರ್ವೆಯಲ್ಲೇ ಇದ್ದೇನೆಂದು ಅದರ ಎಣಿಕೆ, ಅಲ್ಲಿ ಅದಕ್ಕೆ ಅಪ್ಪಣೆಯಿದೆ. ಅಮೆರಿಕಕ್ಕೆಂದು ಮಾಡಿದ ಫೋನಿಗೆ ಹನ್ನೊಂದರ ಆಚೆ ಕಿವಿಯೇ ಇಲ್ಲ. ಎರಡೂ ಒಂದೇ ಗುಡಿಸಲಿನಲ್ಲಿ ಮೊಣಕೈ ದೂರದಲ್ಲಿದ್ದವು. ರೌಟರನ್ನು ಒಮ್ಮೆ ಆರಿಸಿ ಹಚ್ಚಿದ್ದರೂ ಬೇರೆ ದಾರಿ ಹಿಡಿಯುತ್ತಿತ್ತೇನೋ. ಹಸಿರು ದೀಪ ಉರಿಯುತ್ತಿದ್ದ ಡಬ್ಬಿಯನ್ನು ಯಾರು ಅನುಮಾನಿಸುತ್ತಾರೆ?

ಪಕ್ಕದವರ ವೈಫೈ ಪಾಸ್‌ವರ್ಡ್ ಕೇಳುವುದು ಹೊಳೆಯದೆ, ಯದುನಾಥ ಎದ್ದುಬಿದ್ದು ತನಗೆ ರೂಢಿಯಿದ್ದ ಚಹಾ ಅಂಗಡಿಗೇ ಓಡಿದ. ಬಾಗಿಲು ಹಾಕಿತ್ತು, ಒಳಗೆ ಕರೆಂಟೂ ಆರಿಸಿತ್ತು. ಫೂಲ್‌ಮಾಯಾಳಿಗೂ ತಮ್ಮಂದಿರಿದ್ದಾರಲ್ಲ, ಟೀಕಾ ಇಡಲು ಮಧುಮಲ್ಲಾಕ್ಕೆ ಹೋಗಿದ್ದಳು. ಮುಹೂರ್ತ ಮೀರಿತು. ಆ ಮುಚ್ಚಿದ ಬಾಗಿಲ ಮುಂದೆಯೇ ಅವನು ಖಾಲಿ ಹಣೆಯಲ್ಲಿ ಸಂಜೆಯವರೆಗೆ ಕೂತ. ಬಣ್ಣದ ಹಣೆಯವರು ಮಾತಾಡಿಸಿದರೂ ತಲೆ ಎತ್ತಲಿಲ್ಲ.

ಫೂಲ್‌ಮಾಯಾ ಬಂದವಳೇ ಅವನ ಮುಖ ನೋಡಿ ಗಾಬರಿಯಾದಳು. "ಅಯ್ಯೋ ದಾಜು, ಇಲ್ಲೇ ಕೂತಿದ್ರಾ? ಕೀಲಿಕೈನ ಹಿಂದಿನ ಮನೆಯಲ್ಲಿ ಕೊಟ್ಟು ಹೋಗಿದ್ನಲ್ಲ!" ಎನ್ನುತ್ತ ಬಾಗಿಲು ತೆಗೆದು ಸ್ವಿಚ್ಚು ಒತ್ತಿದಳು. ಫೋನಿಗೆ ಜೀವ ಬಂತು. ಅಕ್ಕನ ತಪ್ಪಿದ ಕರೆಗಳು ಒಂದರ ಮೇಲೊಂದು ಬಂದು ಬಿದ್ದವು. ಎಣಿಸಲಿಲ್ಲ. ಆ ಗುಂಡು ಚಿತ್ರವನ್ನೇ ಒತ್ತಿದ.

ಅಲ್ಲಿ ಎತ್ತಿದರು. ಮುಖ ಕಾಣಲಿಲ್ಲ, ಬಿಳಿ ಚಾವಣಿ ಕಂಡಿತು. ಯಾರೋ ಅಳುವ ಸದ್ದು ಕೇಳಿತು. ಕೌಶಿಲಾ ಮುನಿದಾಗ ಹೀಗೇ ಮುಖ ತೋರಿಸದೆ ಅಳುತ್ತಿದ್ದದ್ದು. ಅವನು ಟೋಪಿ ಸರಿಮಾಡಿಕೊಂಡು, ಅಂಗಡಿಯ ಮಣ್ಣಿನ ನೆಲದ ಮೇಲೆ ಮಂಡಿಯೂರಿ, ಫೋನಿನ ಮುಂದೆ ತಲೆ ಬಗ್ಗಿಸಿದ.

"ದೀದಿ, ತಪ್ಪಾಯ್ತು. ಊರು ಮಾರಿದವಳು ಅಂದೆ. ಮಾರೋಕೆ ನಮ್ಮ ಹತ್ರ ಏನಿತ್ತೇ? ನೀನಿದ್ದದ್ದೇ ನನಗೆ ಊರು. ನಾನು ಬರ್ತೀನಿ, ಅರ್ಜಿ ಹಾಕ್ತೀನಿ, ಕಳಿಸದಿದ್ರೆ ಅವರ ಕಾಲು ಹಿಡಿತೀನಿ. ಉಪವಾಸ ಇದ್ದೀಯಾ? ಮೊದಲು ಏನಾದ್ರೂ ತಿನ್ನು. ಬಯ್ಯೇ, ಕೋತಿ ಅನ್ನು, ಏನಾದ್ರೂ ಅನ್ನು."

ಆಮೇಲೆ ಪವಿತ್ರಾಳ ಮುಖ ಕಾಣಿಸಿತು. ಕಣ್ಣು ಕೆಂಪಡರಿದ್ದವು.

"ಎಷ್ಟು ಹೇಳಿದ್ರೂ ನೀರು ಮುಟ್ಟಲಿಲ್ಲ ಮಾಮಾ. ನಿಮ್ಮ ಫೋಟೋಗೆ ಇಡು ಅಂದೆ. ಫೋಟೋಗೆ ಇಡೋದು ಸತ್ತವರಿಗೆ, ನನ್ನ ತಮ್ಮ ಬದುಕಿದಾನೆ, ಕೋಪ ಇಳಿದ ಮೇಲೆ ಬರ್ತಾನೆ ಅಂದ್ಲು. ತಟ್ಟೆ ಮುಂದೇನೇ ಕುಸಿದ್ಲು." ಅವಳು ಮೂಗು ಒರೆಸಿಕೊಂಡಳು. "ಈಗ ಒಂದು ಗಂಟೆ ಆಯ್ತು ಜೀವ ಹೋಗಿ. ನೀವು ಹೇಳಿ ಮುಗಿಸ್ಲಿ ಅಂತ ಅಮ್ಮನ ಕಿವಿ ಹತ್ರ ಹಿಡಿದಿದ್ದೆ."