ಹೊರಗಿನಿಂದ ಹಾಕಿದ ಚಿಲಕ

ಇಂದಿರಕ್ಕ, ಆ ದಿನ ನಿಮ್ಮ ಗಾಡಿಯ ಚಿಲಕ ತೆಗೆದವನು ನಾನು.

ಮೂರು ಚಳಿಗಾಲ ಕಳೆದವು. ಈ ಒಂದು ಸಾಲನ್ನು ನಿಮ್ಮ ಮುಂದೆ ಆಡಲಾಗದೆ, ಅದನ್ನು ಆಡಬೇಕಾದ ಜಾಗದಲ್ಲೆಲ್ಲ ಬೇರೆ ಮಾತು ತುಂಬಿ ನಿಮ್ಮನ್ನು ನಗಿಸುತ್ತ ಬಂದೆ. ನಾನು ಮಾತುಗಾರ, ನಿಮಗೆ ಗೊತ್ತು. ತಿಪಟೂರಿನ ನಮ್ಮಜ್ಜಿಯ ಪಕ್ಕ ಮಲಗಿ ಕತೆ ಕೇಳಿ ಮಾತು ಕಲಿತವನು. ಒಂದು ಕೇಳಿದರೆ ಹತ್ತು ಹೇಳುವವನು. ಅಂಥವನಿಗೆ ಈ ಒಂದೇ ಒಂದು —

ಹೆದರಿದೆ. ಈಗಲೂ ಹೆದರಿಕೊಂಡೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ನಾನು, ಪ್ರಮೀಳ ಅಕ್ಸ್‌ಬ್ರಿಡ್ಜ್‌ಗೆ ನಿಮ್ಮ ಮನೆಗೆ ಬಂದಿದ್ದೆವಲ್ಲ, ಆಗ ನೀವು ಚಹಾ ಕೊಡುತ್ತ ಹೇಳಿದಿರಿ: "ನಾಳಿ ಬಿಟ್ಟು ಮುಂದಿನ ಸೋಮವಾರ ಕಾಗದಕ್ಕ ಸಹಿ ಮಾಡ್ತೀನಿ ತಮ್ಮಾ. ಇವ್ರನ್ನ ಕೇರ್ ಹೋಮಿಗೆ ಬಿಡೂದು ಅಂತ ಆತು. ಒಂದು ಚಿಲಕಾ ನೆಟ್ಟಗ ಹಾಕಾಕ ಬರದಾಕಿ, ನಾ ಏನ್ ಇವ್ರನ್ನ ಕಾಯ್ತೀನಿ?"

"ಮಮ್, ನಾಟ್ ದಟ್ ಅಗೇನ್," ಎಂದು ನಿಮ್ಮ ಮಗಳು ಅನು ಅಡುಗೆಮನೆಯಿಂದ ಗದರಿದಳು.

ಗುರುನಾಥ ಭಾವ ಗಾಲಿಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಬೆರಳು ಕುರ್ಚಿಯ ಕೈಯನ್ನು ತಟ್ಟಿತು. ಟಕ್, ಟಕ್, ಟಕ್. ನನ್ನ ಕೈಯಲ್ಲಿದ್ದ ಚಹಾ ತುಳುಕಿ ಪ್ಯಾಂಟಿನ ಮೇಲೆ ಬಿತ್ತು. ಎಜ್‌ವೇರ್‌ಗೆ ನಮ್ಮ ಮನೆಗೆ ಮರಳುವಾಗ ಪ್ರಮೀಳ, "ನಿಮ್ಮ ಬೀಪಿ ಏರಿದೆ, ಜೀಪಿ ಡಾಕ್ಟ್ರ ಹತ್ರ ಹೋಗೋಣ" ಎಂದಳು. ನಾನು ಹೂಂ ಎಂದೆ.

ಬೀಪಿಯಲ್ಲ ಅಕ್ಕ. ಮೊದಲಿನಿಂದ ಹೇಳುತ್ತೇನೆ.

ಸ್ಪೇನಿನ ಆ ಮರುಭೂಮಿಯನ್ನು ಹುಡುಕಿದವರು ಭಾವ. ಲಂಡನ್ನಿನ ಥಂಡಿ ಅವರ ಮಂಡಿಗೆ ಆಗಿಬರುತ್ತಿರಲಿಲ್ಲ. ಶಾಲೆಯ ಗಣಿತ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ವರ್ಷವೇ ನಕ್ಷೆ ಹರಡಿ, "ಇಲ್ಲಿ ಮಳಿ ಅನ್ನೂದ ಇಲ್ಲ ನೋಡು ನಾಗರಾಜ. ಚಳಿಗಾಲ ಕಳದ ಬರೂಣು," ಎಂದರು. ಎರಡು ಹಳೆಯ ಮೋಟರ್‌ಹೋಮ್ ಕೊಂಡೆವು, ಒಳಗೇ ಒಲೆ ಹಾಸಿಗೆ ಇರುವ ಗಾಡಿ, ನಿಮಗೊಂದು, ನಮಗೊಂದು. ಭಾವ ಅದನ್ನು ಒಂದು ದಿನವಾದರೂ ಮೋಟರ್‌ಹೋಮ್ ಎಂದು ಕರೆದವರಲ್ಲ. "ಚಕ್ಕಡಿ ಹೂಡ್ರಪಾ!" ಎಂದು ಕೂಗಿಯೇ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವುದು. ಪೋರ್ಟ್ಸ್‌ಮತ್‌ನಲ್ಲಿ ಹಡಗು ಹತ್ತಿ, ಇಳಿದು, ಎರಡು ದಿನ ದಕ್ಷಿಣಕ್ಕೆ ಓಡಿಸಿದರೆ ಅಲ್ಮೆರಿಯಾದ ಆ ಬೋಳು ಗುಡ್ಡಗಳು. ಜಲ್ಲಿ ಹಾಸಿದ ಬಯಲು, ಸಾಲಾಗಿ ನಿಂತ ಗಾಡಿಗಳು, ಪಾಪಾಸುಕಳ್ಳಿ, ನಮ್ಮಂಥದೇ ನರೆತ ತಲೆಗಳು. ನೀವು ಅಲ್ಲಿ ರೊಟ್ಟಿ ಬಡಿಯಲು ಕೂತರೆ ಇಂಗ್ಲಿಷ್ ಮುದುಕರೆಲ್ಲ ತಟ್ಟೆ ಹಿಡಿದು ಬರುತ್ತಿದ್ದರು. ಎರಡು ಚಳಿಗಾಲ ಹಬ್ಬದ ಹಾಗೆ ಕಳೆಯಿತು.

ಮೂರನೆಯದರಲ್ಲಿ ಭಾವ ಮರೆಯತೊಡಗಿದರು. ಒಂದು ದಿನ ಬ್ರೆಡ್ಡಿನ ವ್ಯಾನು ಹತ್ತಿ ಕೂತು ಪಕ್ಕದ ಊರು ತಲುಪಿದ್ದರು. ಮಾರನೆಯ ದಿನ ನೀವು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಬಾಗಲಕ್ಕ ಹೊರಗಿಂದ ಒಂದು ಚಿಲಕಾ ಕೂಡಿಸಿ ಕೊಡೋ ತಮ್ಮಾ. ನಾ ಜಳಕಕ್ಕ, ಅರಿವಿ ಒಗಿಯಾಕ ಹೋದಾಗಷ್ಟ," ಎಂದಿರಿ. ಕೂರಿಸಿದೆ. ನಾಲ್ಕು ತಿರುಪು. ಭಾವ ಒಳಗೆ ಕೂತು ನೋಡುತ್ತಿದ್ದರು.

"ಏನ್ ಮಾಡಾಕತ್ತೀ?"

"ಗಾಳಿಗೆ ಬಾಗಿಲು ಬಡ್ಕೊಳ್ತಿತ್ತು ಭಾವ, ಅದಕ್ಕೆ."

ನೀವು ಆ ಕಡೆ ಮುಖ ತಿರುಗಿಸಿದಿರಿ.

ಅದಾಗಿ ಹತ್ತು-ಹನ್ನೆರಡು ದಿನವಿರಬೇಕು. ಬಿಸಿಲು ಆಗಲೇ ಏರಿತ್ತು. ಪ್ರಮೀಳ ಪೇಟೆಗೆ ಹೋಗಿದ್ದಳು. ನಮ್ಮ ಗಾಡಿಯ ನೀರಿನ ಕೊಳವೆ ಸೋರುತ್ತಿತ್ತೆಂದು ನಾನು ಅಡಿಯಲ್ಲಿ ಅಂಗಾತ ಮಲಗಿದ್ದೆ. ಅಲ್ಲಿಂದ ತಲೆ ಹೊರಗೆ ಹಾಕಿದಾಗ ನೀವು ಕಂಡಿರಿ. ಬಟ್ಟೆಯ ಬಕೆಟ್ ಕೆಳಗಿಟ್ಟು ಚಿಲಕ ಹಾಕಿದಿರಿ. ಬಾಗಿಲನ್ನು ಎರಡು ಸಲ ಎಳೆದು ನೋಡಿದಿರಿ. ಬಕೆಟ್ ಎತ್ತಿಕೊಂಡು ಒಗೆಯುವ ಕಟ್ಟೆಯ ಕಡೆ ಹೋದಿರಿ. ನಾನು ಅಲ್ಲಿರುವುದು ನಿಮಗೆ ಗೊತ್ತಾಗಲಿಲ್ಲ.

ಐದು ನಿಮಿಷವಾಗಿರಬಹುದು. ಒಳಗಿನಿಂದ — ಟಕ್, ಟಕ್, ಟಕ್.

ನನ್ನ ಕೆಲಸ ಏನಾಗಿತ್ತು ಎಂದು ನಿಮಗೆ ಗೊತ್ತು. ಕೌನ್ಸಿಲ್ ಫ್ಲ್ಯಾಟುಗಳ ಲಿಫ್ಟ್ ರಿಪೇರಿ. ಮೂವತ್ತೊಂದು ವರ್ಷ, ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ಹೊರಗೆ ತೆಗೆದಿದ್ದೇನೆ. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರಾದರೂ ತಟ್ಟಿದರೆ ನನ್ನ ಕೈ ನನ್ನ ತಲೆಗಾಗಿ ಕಾಯುವುದಿಲ್ಲ. ಎದ್ದು ಹೋದೆ.

"ಯಾರದೀರಿ ಅಲ್ಲೆ? ಬಾಗಲಾ ತಗೀರಿ."

"ನಾನು ಭಾವ, ನಾಗರಾಜ. ಅಕ್ಕ ಈಗ ಬರ್ತಾರೆ, ಸ್ವಲ್ಪ ತಡೀರಿ."

ಆಮೇಲೆ, ತರಗತಿಯಲ್ಲಿ ಕೇಳುವ ಹಾಗೆ, ನಿಧಾನವಾಗಿ ಕೇಳಿದರು: "ನಾ ಏನ್ ದನಾ ಏನೋ ತಮ್ಮಾ, ಕೊಟ್ಟಿಗ್ಯಾಗ ಕಟ್ಟಿ ಹಾಕಾಕ?"

ತೆಗೆದುಬಿಟ್ಟೆ.

ಇಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಿಮ್ಮದು, ಅಡಿಯಲ್ಲಿ ಹೂವಿನ ಅಚ್ಚಿರುವುದು. ಅದನ್ನೂ ನೋಡಿದೆ, ಅಕ್ಕ. ನೋಡಿಯೂ — "ಬರ್ತೀನಿ ತಮ್ಮಾ," ಎಂದರು. "ಹೋಗಿಬನ್ನಿ ಭಾವ," ಎಂದೆ.

ಎಲ್ಲಿಗೆ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವ ಹಾಗಿರಲಿಲ್ಲ, ಹಿಂದಿನಿಂದ ಕೂಗುವ ಹಾಗಿರಲಿಲ್ಲ. ಹೋದ ಕೆಲಸ ಕೆಡುತ್ತದೆಂದು ಅಜ್ಜಿ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಅರವತ್ತೆಂಟು ವರ್ಷದ ನನ್ನ ನಾಲಿಗೆ ಆಗಲೂ ಅವಳಿಗೆ ಹೆದರಿತು ಎನ್ನಬಹುದು. ಎಷ್ಟೋ ದಿನ ನನಗೆ ನಾನು ಹಾಗೆಯೇ ಹೇಳಿಕೊಂಡೆ. ಆದರೆ ಅಜ್ಜಿ ಇನ್ನೊಂದನ್ನೂ ಕಲಿಸಿದ್ದಳು. ಹೊರಟವರನ್ನು ನಿಲ್ಲಿಸಬೇಕಾದರೆ ಅವಳು ಸುತ್ತು ಬಳಸಿ ಅವರ ಎದುರಿಗೆ ಹೋಗಿ, ಲೋಟ ಹಿಡಿದು, "ಒಂದು ಗುಟುಕು ನೀರು ಕುಡಿದು ಹೋಗು" ಎನ್ನುತ್ತಿದ್ದಳು. ಕುಡಿಯುವುದರೊಳಗೆ ಮಾತಿಗೆ ಕೂರಿಸಿಬಿಡುತ್ತಿದ್ದಳು. ಅದೂ ನೆನಪಿತ್ತು ನನಗೆ. ನಾನು ಎದುರಿಗೆ ಹೋಗಲಿಲ್ಲ. ನನ್ನ ಕೊಳವೆ ಸೋರುತ್ತಿತ್ತು.

ಭಾವ ಗೇಟಿನ ಕಡೆ ಹೋಗಲಿಲ್ಲ. ಕೊನೆಯ ಸಾಲಿನ ಹಿಂದೆ ಬೇಲಿ ಮುರಿದ ಕಡೆಯಿಂದ ಒಣಹಳ್ಳಕ್ಕೆ ಇಳಿದರು. ಇಳಿಯುವ ಮೊದಲು ಒಮ್ಮೆ ತಿರುಗಿ ನೋಡಿದರು. ನಾನು ಕೈ ಎತ್ತಿದೆ. ಅವರೂ ಎತ್ತಿದರು. ನಾನು ಮತ್ತೆ ಗಾಡಿಯ ಅಡಿಗೆ ಸರಿದೆ.

ಆಮೇಲೆ ನಿಮ್ಮ ಕೂಗು.

ಗಾಡಿ ಗಾಡಿಯಿಂದ ಜನ ಇಳಿದು ಬಂದರು. ನೀವು ಒದ್ದೆ ಕೈಯಲ್ಲಿ ನನ್ನ ತೋಳು ಹಿಡಿದು ಕೇಳಿದಿರಿ: "ತಮ್ಮಾ, ಇವ್ರನ್ನ ನೋಡಿದೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಮ್ಮ ಕಣ್ಣು — ಅದನ್ನು ಹೇಗೆ ಬರೆಯಲಿ.

"ಇಲ್ಲ ಅಕ್ಕ. ನಾನು ನೋಡಿಲ್ಲ."

ಯಾಕೆ ಹಾಗೆಂದೆ? ಯೋಚಿಸಿ ಆಡಿದ ಸುಳ್ಳಲ್ಲ. ಬೆಂಕಿ ಮುಟ್ಟಿದ ಕೈ ಹಿಂದಕ್ಕೆ ಬರುವ ಹಾಗೆ ಬಂತು. ಆದರೆ ಅದರ ಮುಂದಿನ ಕ್ಷಣ ನನ್ನದಾಗಿತ್ತು. ನೀವು ಜಲ್ಲಿಯ ಮೇಲೆ ಕುಸಿದು ಕೂತು, "ಹಂಗಾರ ಚಿಲಕಾ ನಾನ ಹಾಕಿಲ್ಲ. ನಾನ ಮರ್ತೆ," ಎಂದಿರಲ್ಲ, ಆಗ ಬಾಯಿಬಿಡಬಹುದಿತ್ತು. ನಿಮ್ಮನ್ನು ಎತ್ತಿ ಕೂರಿಸಿ ನೀರು ಕೊಟ್ಟೆ. ನಿಮಗೆ ಕೊಟ್ಟೆ ನೀರು.

ಭಾವನಿಗೆ ಸಮುದ್ರವೆಂದರೆ ಪ್ರಾಣ ಎಂದು ನೀವು ಹೇಳಿದ್ದರಿಂದ ಎಲ್ಲರೂ ಸಮುದ್ರದ ರಸ್ತೆ ಹಿಡಿದರು. ನಾನೂ ಹೋದೆ. ಅವರು ಆ ಕಡೆ ಇಲ್ಲವೆಂದು ಗೊತ್ತಿದ್ದೂ ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ ಫೋನಿನಲ್ಲಿದ್ದ ಅವರ ಚಿತ್ರ ತೋರಿಸಿ ಕೇಳಿದೆ. ಪೊಲೀಸರು ಬಂದು, ಕೊನೆಗೆ ನೋಡಿದವರು ಯಾರು ಎಂದಾಗ ನನ್ನ ಬೂಟು ನೋಡಿಕೊಂಡೆ. ಒಂದು ಗಂಟೆಯಾದ ಮೇಲೆ, ಈಗ ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎನ್ನುತ್ತಾರೆಂಬ ಹೆದರಿಕೆ. ಎರಡು ಗಂಟೆಯಾದ ಮೇಲೆ, ಜೈಲಿಗೆ ಹಾಕುತ್ತಾರೆಂಬ ಹೆದರಿಕೆ. ನೆತ್ತಿಯ ಮೇಲೆ ಆ ಬಿಸಿಲು. ಒಂದು ಹನಿ ನೆರಳಿಲ್ಲದ ನೆಲ. ಅವರ ತಲೆಯ ಮೇಲೆ ಟೋಪಿಯೂ ಇರಲಿಲ್ಲ.

ಈಗ ಬರೆಯುವುದನ್ನು ದೇವರ ಮುಂದೆಯೂ ಹೇಳಿಲ್ಲ.

ಮಧ್ಯಾಹ್ನ ಕಳೆದ ಮೇಲೆ ನಾನೊಬ್ಬನೇ ಹಳ್ಳಕ್ಕೆ ಇಳಿದೆ. ಮರಳಿನಲ್ಲಿ ಹೆಜ್ಜೆ ಇತ್ತು. ಒಂದು ಸಾದಾ, ಒಂದು ಹೂವಿನ ಅಚ್ಚು. ಒಂದು ಸಾದಾ, ಒಂದು ಹೂವು. ಹಿಂಬಾಲಿಸಿ ನಡೆದೆ. ಎರಡೂ ಕಡೆ ಮಣ್ಣಿನ ಗೋಡೆ, ಆಳೆತ್ತರದ ಜೊಂಡು ಹುಲ್ಲು. "ಭಾವಾ" ಎಂದು ಕೂಗಿದೆ. ನನ್ನ ದನಿಯೇ ನನಗೆ ಬಂದು ಬಡಿಯಿತು. ಮುಂದೆ ಒಂದು ತಿರುವು. ತಿರುವಿನ ಹತ್ತಿರ ಹೆಜ್ಜೆ ಅಡ್ಡಾದಿಡ್ಡಿಯಾಗಿತ್ತು. ಅಲ್ಲಿ ನಿಂತೆ. ಆ ಕಡೆ ಏನು ನೋಡಬೇಕಾಗುತ್ತದೋ ಎಂದು ಮುಂದೆ ಹೋಗಲಿಲ್ಲ. ಆಗ ಒಂದು ಸದ್ದು ಕೇಳಿಸಿತು. ಕಲ್ಲಿಗೆ ಕಲ್ಲು ತಾಕಿದ ಹಾಗೆ. ಗಾಳಿಗೆ ಹುಲ್ಲು ಬಡಿದುಕೊಳ್ಳುತ್ತಿದೆ ಎಂದುಕೊಂಡೆ. ಗಾಳಿ ಇರಲಿಲ್ಲ, ಅಕ್ಕ.

ಹಿಂದಿರುಗಿ ಓಡಿದೆ. ಪೊಲೀಸರಿಗೆ ಕೈಸನ್ನೆಯಲ್ಲಿ, ಆ ಕಡೆಯೂ ಒಮ್ಮೆ ನೋಡಿ ಎಂದೆ. ಹೆಜ್ಜೆ ಕಂಡೆ ಎನ್ನಲಿಲ್ಲ. ಅವರು ರಸ್ತೆ ಮುಗಿಸಿ ಹಳ್ಳಕ್ಕೆ ಬರುವಾಗ ಸೂರ್ಯ ಮುಳುಗುತ್ತಿದ್ದ. ಭಾವ ಆ ತಿರುವಿನಿಂದ ಸ್ವಲ್ಪವೇ ಆಚೆ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು, ತುಟಿ ಸೀಳಿತ್ತು, ಉಸಿರಿತ್ತು. ಕೈಯಲ್ಲೊಂದು ಕಲ್ಲು ಹಿಡಿದಿದ್ದರಂತೆ. ಅದನ್ನು ಬಂಡೆಗೆ ತಟ್ಟುತ್ತಿದ್ದರೆಂದು ಪೊಲೀಸಿನವನೊಬ್ಬ ಗಾಳಿಯಲ್ಲಿ ತಟ್ಟಿ ತೋರಿಸಿದ. ಮೂರು ಸಲ.

ಅಂದಿನಿಂದ ಅವರು ನಡೆದಿಲ್ಲ. ಮಾತೂ ಬರಬರುತ್ತ ಇಂಗಿತು. ನೀವು ಆಸ್ಪತ್ರೆಯವರಿಗೆ, ಜೀಪಿಗೆ, ಕೌನ್ಸಿಲ್‌ನಿಂದ ಬಂದ ಹೆಂಗಸಿಗೆ, ಯುಗಾದಿಗೆ ಸೇರಿದ ನಮ್ಮ ಜನಕ್ಕೆ, ಕೇಳಿದವರಿಗೆ ಕೇಳದವರಿಗೆ, "ಚಿಲಕಾ ನಾನ ಮರ್ತಿದ್ದೆ" ಎಂದು ಹೇಳುತ್ತ ಬಂದಿರಿ. "ದಿನಾ ಎರಡು ಸಲ ಎಳದು ನೋಡಾಕಿ, ಅವತ್ತ ಯಾಕ ನೋಡಲಿಲ್ಲೋ" ಎಂದು ಅತ್ತಿರಿ. ಎಷ್ಟು ಸಲ ಪಕ್ಕದಲ್ಲಿ ಕೂತು ನಿಮಗೆ ಸಮಾಧಾನ ಹೇಳಿದ್ದೇನೆ! "ಆಗೋದು ಆಯ್ತು ಬಿಡಿ ಅಕ್ಕ, ಯಾರಾದ್ರೂ ಮರೀತಾರೆ" — ನನ್ನದೇ ಮಾತು ಅದು. ನಿಮ್ಮ ತಪ್ಪನ್ನು ಕ್ಷಮಿಸುವ ದೊಡ್ಡ ಮನುಷ್ಯನಾಗಿ ಕೂತಿದ್ದೆ.

ನಿಮ್ಮ ಮನೆಗೆ ಬಂದಾಗಲೆಲ್ಲ ಭಾವ ಕುರ್ಚಿ ತಟ್ಟುತ್ತಾರೆ. ನಾನು ಇಲ್ಲದಾಗಲೂ ತಟ್ಟುತ್ತಾರೋ ಏನೋ, ಕೇಳುವ ಧೈರ್ಯವಾಗಿಲ್ಲ. ಅವರು ತುಟಿ ಅಲುಗಿಸಿದರೆ ಸಾಕು, ನಾನು ಜೋರಾಗಿ ಒಂದು ಕತೆ ಶುರು ಮಾಡುತ್ತೇನೆ. ಹೋದ ವರ್ಷ ಅವರಿಗೆ ನ್ಯುಮೋನಿಯಾ ಆಗಿ ಉಸಿರು ಸಿಕ್ಕದೆ ಮಲಗಿದ್ದಾಗ, ಆಸ್ಪತ್ರೆಯ ಹೊರಗೆ ನಿಂತು ನನ್ನ ಮನಸ್ಸಿನ ಒಂದು ಮೂಲೆ — ಅದನ್ನೂ ಬರೆಯಬೇಕು. ಇನ್ನು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿತು. ನಿಮ್ಮ ರೊಟ್ಟಿ ತಿಂದ ಮನುಷ್ಯ ನಾನು.

ಸಹಿ ಹಾಕಬೇಡಿ ಎನ್ನಲು ನಾನು ಯಾರು? ನಿಮ್ಮ ಸೊಂಟ ನೋಯುತ್ತದೆ, ಅವರನ್ನು ಎತ್ತಿ ಇಳಿಸುವುದು ನಿಮ್ಮಿಂದ ಆಗದು, ಕೇರ್ ಹೋಮೇ ಸರಿಯಿರಬಹುದು. ಅದು ನಿಮ್ಮ ಮನೆಯ ತೀರ್ಮಾನ. ಆದರೆ ನೀವು ಮಾಡದ ತಪ್ಪಿಗೆ, ನಾನು ಆಡಿದ ಎರಡು ಮಾತಿಗೆ, ನಿಮ್ಮ ಕೈ ನಂಬಿಕೆಗೆ ಆಗದ ಕೈ ಎಂದುಕೊಂಡು ನೀವು ಸಹಿ ಹಾಕುವುದನ್ನು ನೋಡಿಕೊಂಡು ಇರಲಾರೆ.

ಇಷ್ಟು ಬರೆದು ಮಡಚಿ ಜೇಬಿಗಿಟ್ಟು, ಬೂಟು ಹಾಕಿಕೊಳ್ಳುತ್ತಿದ್ದೆ. ಅಂಚೆಗೆ ಹಾಕಿದರೆ ಮತ್ತೆ ತಪ್ಪಿಸಿಕೊಂಡ ಹಾಗೆ, ಎದುರಿಗೆ ಕೂತು ಓದಬೇಕು ಎಂದು. ಆಗ ಪ್ರಮೀಳ ಹಿಂದಿನಿಂದ ಕೇಳಿದಳು: "ಎಲ್ಲಿಗೆ ಹೊರಟ್ರಿ?"

ನಲವತ್ತು ವರ್ಷದಲ್ಲಿ ಅವಳು ಹಾಗೆ ಕೇಳಿದ್ದಿಲ್ಲ. ನನ್ನ ಮುಖ ಹೇಗಿತ್ತೋ. ಬೂಟಿನ ದಾರ ಹಿಡಿದೇ ಕೂತು ಅವಳಿಗೆ ಎಲ್ಲ ಹೇಳಿದೆ. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದಳು.

ಈ ಕೊನೆಯ ಸಾಲುಗಳನ್ನು ಟ್ಯೂಬ್ ರೈಲಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಅಲುಗಿದ್ದರೆ ಅದಕ್ಕೇ. ಹ್ಯಾರೋವರೆಗೆ ಬಸ್ಸಿನಲ್ಲಿ ಬಂದೆವು. ಪ್ರಮೀಳ ಪಕ್ಕದಲ್ಲಿ ಕೂತಿದ್ದಾಳೆ, ಮುಖ ಕಿಟಕಿಯ ಕಡೆ. ಇಕೆನ್‌ಹ್ಯಾಮ್ ಸ್ಟೇಷನ್ ದಾಟಿತು. ನೀವು ಬಾಗಿಲು ತೆಗೆಯುತ್ತೀರಿ, ನಗುತ್ತೀರಿ, "ಬಾರೋ ತಮ್ಮಾ" ಎನ್ನುತ್ತೀರಿ. ಇದನ್ನು ಕೇಳಿದ ಮೇಲೆ ನೀವು ಮತ್ತೆ ಹಾಗೆ ಕರೆಯಬೇಕಾಗಿಲ್ಲ. ಭಾವನೂ ಅಲ್ಲೇ ಇರಲಿ. ಅವರ ಮುಂದೆಯೇ ಓದುತ್ತೇನೆ. ಅವರು ಕುರ್ಚಿ ತಟ್ಟಿದರೆ ಈ ಸಲ ಕತೆ ಹೇಳುವುದಿಲ್ಲ.

ಅಕ್ಕ, ನೀವು ಚಿಲಕ ಹಾಕಿದ್ದಿರಿ. ಎರಡು ಸಲ ಎಳೆದು ನೋಡಿದ್ದಿರಿ. ನಾನು ನೋಡಿದ್ದೆ.