ಛೀ ಎಂದದ್ದು ನನಗಲ್ಲ

ಆಳಂದಕ್ಕೆ ಬಂದ ಎಂಟನೆಯ ದಿನ ನನ್ನ ಮಗಳು ಶಾರದಾ ಫೋನಿನಲ್ಲಿ ಯಾರಿಗೋ, “ಹೌದ್ರಿ, ನಾಳಿಂದ ನಮ್ಮವ್ವಗ ತಾಯಿ ಛೀ” ಎನ್ನುತ್ತಿದ್ದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಕುಳಿತೆ.

“ಎಲ್ಲಿಗಿ ಹೊಂಟಿ ಬೇ?”

“ನಮ್ಮೂರಿಗಿ, ಇಜೇರಿಗಿ. ಛೀ ಅನ್ನಿಸಿಕೊಂಡು ಯಾಕಿರ್ಲಿ?”

ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. “ಯವ್ವಾ, ಅದು ತೈ ಚಿ. ಚೀನಾದ ಕಸರತ್ತು. ನೀ ಮತ್ತ ಬೀಳಬಾರದಂತ.”

ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮೂರು ಸಲ ಬಿದ್ದದ್ದು ನಿಮಗೆ ಗೊತ್ತು. ಮೂರನೆಯ ಸಲ ಮುಂಗೈ ಮುರಿಯಿತು. ನಿಮ್ಮ ಅಪ್ಪ ಅವ್ವ ಹೊಲಕ್ಕೆ ಹೋದರೆ ಹೊತ್ತು ಮುಳುಗುವವರೆಗೆ ಬರುವುದಿಲ್ಲ. ಅದಕ್ಕೇ ಆಳಂದದಲ್ಲಿ ನರ್ಸ್ ಕೆಲಸ ಮಾಡುವ ಶಾರದಾ ನನ್ನನ್ನು ಕರೆತಂದಳು. ಕಾಲು ಗಟ್ಟಿಯಾದರೆ ತಿರುಗಿ ಬರುತ್ತೇನೆಂದು ನಿಮ್ಮ ಅಪ್ಪನಿಗೆ ಹೇಳಿಯೇ ಹೊರಟಿದ್ದೆ.

ನಮ್ಮಲ್ಲಿ ಅಂಗಳದಲ್ಲಿ ಕೆಮ್ಮಿದರೆ ಪಕ್ಕದ ಮನೆಯವರು ಏನಾಯಿತೆಂದು ಕೇಳುತ್ತಾರೆ. ಇಲ್ಲಿ ಮಾಳಿಗೆಯ ಮೇಲಿನ ಬಾಡಿಗೆ ಮನೆ, ಮುಚ್ಚಿದ ಬಾಗಿಲುಗಳು. ಮಹಾರಾಷ್ಟ್ರದ ಗಡಿ ಹತ್ತಿರ, ಸಂತೆಯಲ್ಲಿ ಕಾಯಿಪಲ್ಯ ಮಾರುವವಳು “ಕಾಯ್ ಪಾಯಿಜೆ?” ಎಂದಳು. ಏನು ಬೇಕು ಎಂದು ಮರಾಠಿಯಲ್ಲಿ ಕೇಳಿದ್ದಳಂತೆ. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಮೂರನೆಯ ವಾರ ಬೆರಳು ತೋರಿಸಿ ಮೆಂತ್ಯ ಕೊಂಡೆ.

ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಹತ್ತು ಮಂದಿ ಮುದುಕಿಯರು ಸೇರುತ್ತೇವೆ. ಮೈಭಾರವನ್ನೆಲ್ಲ ಒಂದು ಕಾಲಿಗೆ ಕೊಡಬೇಕು. ಇನ್ನೊಂದು ಕಾಲು ಖಾಲಿಯಾದ ಮೇಲೆಯೇ ಅದನ್ನು ಎತ್ತಬೇಕು. ಊರಿನಲ್ಲಿ ಓಡಿ ಓಡಿ ಕೆಲಸ ಮಾಡಿದ ನನಗೆ ಈ ನಿಧಾನ ಬಹಳ ಕಷ್ಟವಾಯಿತು. ಪಕ್ಕದಲ್ಲಿ ನಿಲ್ಲುವ ರಜಿಯಾ ಬೀ ಒಂದು ದಿನ ಪಿಸುಗುಟ್ಟಿದಳು: “ಅಕ್ಕಾ, ಹಿಂಗ ನಡದಿದ್ರ ನಮ್ಮತ್ತಿ ಹೊಡದೇ ಬಿಡ್ತಿದ್ಲು!” ನಿಮ್ಮ ಅಜ್ಜ ಹೋದ ಮೇಲೆ ಅಂದೇ ಮೊದಲು ನಾನು ದನಿ ತೆಗೆದು ನಕ್ಕದ್ದು.

ನಾಲ್ಕು ತಿಂಗಳಾದವು. ಕಳೆದ ಭಾನುವಾರ ನಿಮ್ಮ ಅಪ್ಪ ಬಂದಿದ್ದ. ಗೋಡೆ ಹಿಡಿಯದೆ, ಇಪ್ಪತ್ತು ಎಣಿಸುವವರೆಗೆ ಒಂಟಿ ಕಾಲಿನ ಮೇಲೆ ನಿಂತು ತೋರಿಸಲು ಹೊರಟೆ. ಅರ್ಧಕ್ಕೇ ಅವನು ತಲೆ ತಗ್ಗಿಸಿದ.

“ಅವ್ವಾ, ಇಲ್ಲೇ ಇದ್ಬಿಡು. ನಿನ್ನ ಖೋಲಿ ಒಳಗ ಹುಡುಗ್ರು ಓದಾಕತ್ತಾರ. ಮಂಚ ತಗದು ಟೇಬಲ್ ಹಾಕೇವಿ.”

ನಾನು ಎಣಿಸುವುದನ್ನು ಬಿಡಲಿಲ್ಲ. ಇಪ್ಪತ್ತು ಮುಗಿಸಿ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ. ಚಹಾಕ್ಕೆ ನೀರಿಟ್ಟೆ.

ಇಲ್ಲಿನವರು ನನ್ನನ್ನು ಇಜೇರಿ ಆಯಿ, ಅಂದರೆ ಇಜೇರಿಯ ಅಜ್ಜಿ, ಎನ್ನುತ್ತಾರೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಫೋನಿನಲ್ಲಿ “ಆಳಂದ ಆಯೀ” ಎಂದು ಕೂಗಿದಳು. ಯಾರನ್ನು ಕರೆಯುತ್ತಿದ್ದಾಳೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಓಗೊಟ್ಟೆ.

ಆ ಖೋಲಿಯಲ್ಲೇ ಓದಿರಿ, ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಅಲ್ಲಿನ ಕಿಟಕಿ ಉಬ್ಬಿ ಬಿಗಿಯಾಗುತ್ತದೆ. ಗುದ್ದಬೇಡಿ. ಕೆಳಗಿನ ಮೂಲೆಗೆ ಅಂಗೈ ಇಟ್ಟು ಒತ್ತಿದರೆ ತೆರೆಯುತ್ತದೆ.